ಬುರ್ಹಾನ್‌ಪುರದಲ್ಲಿ ಸತ್ತ ರಾಜಕುಮಾರ ಮತ್ತು ಇತರ ಪ್ರಶ್ನೆಗಳು

(ಇತಿಹಾಸ, ಕಾನೂನು, ಹಳೆಯ ಕಾಗದಪತ್ರಗಳ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಿಗೆ ಕಾರವಾರದ ನಿವೃತ್ತ ನ್ಯಾಯಾಲಯ ಶಿರಸ್ತೇದಾರರೊಬ್ಬರು ಉತ್ತರಿಸುತ್ತಾರೆ.)

ಪ್ರಶ್ನೆ: ಮೊಮ್ಮಗಳಿಗೆ ತಾಜಮಹಲಿನ ಕಥೆ ಹೇಳುತ್ತಿದ್ದೆ. ಅವಳು ನಡುವೆ ಬಾಯಿ ಹಾಕಿ, "ಅಜ್ಜೀ, ಶಹಜಹಾನ್ ಅಣ್ಣನನ್ನೇ ಕೊಲ್ಲಿಸಿದ್ದನಂತೆ" ಅಂದಳು. ಶಾಲೆಯಲ್ಲಿ ವರ್ಷಗಟ್ಟಲೆ ಇತಿಹಾಸ ಕಲಿಸಿದವಳು ನಾನು. ಆ ಅಣ್ಣನ ಹೆಸರು ನಮ್ಮ ಪಾಠದಲ್ಲಿ ಬಂದಿರಲಿಲ್ಲ. ಇದು ನಿಜವೇ? ನಿಜವಾದರೆ ಸಾಕ್ಷಿ ಏನಿದೆ? ನೀವು ಕೋರ್ಟಿನಲ್ಲಿದ್ದವರು, ಕೋರ್ಟಿನ ರೀತಿಯಲ್ಲೇ ಹೇಳಿ.
— ನಿವೃತ್ತ ಶಿಕ್ಷಕಿ, ಹೊನ್ನಾವರ

ಉತ್ತರ: ಅಕ್ಕೋರೇ, ಆ ಅಣ್ಣನ ಹೆಸರು ಖುಸ್ರೋ. ಜಹಾಂಗೀರನ ಹಿರಿಯ ಮಗ. ಶಹಜಹಾನನಿಗೂ ಅವನಿಗೂ ತಂದೆ ಒಬ್ಬನೇ, ತಾಯಂದಿರು ಬೇರೆ. 1622ರ ಜನವರಿಯಲ್ಲಿ ತಾಪಿ ನದಿ ದಂಡೆಯ ಬುರ್ಹಾನ್‌ಪುರದಲ್ಲಿ ಸತ್ತ. ಆಗ ಅವನಿಗೆ ಮೂವತ್ತನಾಲ್ಕು. ಸಾಯುವ ಹೊತ್ತಿಗೆ ಅವನು ಕೈದಿ, ಅವನನ್ನು ವಶದಲ್ಲಿ ಇಟ್ಟುಕೊಂಡಿದ್ದವನು ತಮ್ಮ ಖುರ್ರಮ್. ಮುಂದೆ ಶಹಜಹಾನ್ ಆಗಿ ಪಟ್ಟಕ್ಕೆ ಬಂದವನು ಅವನೇ.

ನೀವು ಕೋರ್ಟಿನ ರೀತಿ ಕೇಳಿದ್ದೀರಿ. ಹಾಗಿದ್ದರೆ ಕೊಂದವರು ಯಾರು ಎಂಬಲ್ಲಿಂದ ಶುರು ಮಾಡಬಾರದು. ಆ ಮನುಷ್ಯ ಯಾರ ಕೈಯಲ್ಲಿದ್ದ, ಅಲ್ಲಿಂದ ಯಾರ ಕೈಗೆ ಹೋದ, ಹೇಗೆ ಹೋದ ಎಂಬಲ್ಲಿಂದ ಶುರು ಮಾಡಬೇಕು. ಠಾಣೆಗಳಿಂದ ಬರುತ್ತಿದ್ದ ಕಡತಗಳಲ್ಲಿ ನಾನು ಮೊದಲು ಬಿಚ್ಚಿ ಓದುತ್ತಿದ್ದದ್ದು ಪಂಚನಾಮೆಯನ್ನು. ಶವ ಯಾವ ದಿಕ್ಕಿಗೆ ತಲೆ ಮಾಡಿತ್ತು, ಚಾಪೆ ಮಡಿಚಿತ್ತೋ ಹಾಸಿತ್ತೋ, ಬಾಗಿಲ ಚಿಲಕ ಒಳಗಿನಿಂದ ಬಿದ್ದಿತ್ತೋ ಹೊರಗಿನಿಂದಲೋ. ಈ ಮೂರು ಸಾಲು ಸರಿಯಾಗಿ ಬರೆದಿದ್ದರೆ ಅರ್ಧ ಮೊಕದ್ದಮೆ ಅಲ್ಲೇ ಇರುತ್ತಿತ್ತು. ಖುಸ್ರೋನ ವಿಷಯದಲ್ಲೂ ಬಾಗಿಲಿನ ಮಾತು ಬರುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಅವನೇಕೆ ಕೈದಿಯಾದ? ಅಕ್ಬರ್ 1605ರಲ್ಲಿ ಹಾಸಿಗೆ ಹಿಡಿದಾಗ ದರ್ಬಾರಿನ ಒಂದು ಗುಂಪು ಮಗನನ್ನು ಬಿಟ್ಟು ಮೊಮ್ಮಗ ಖುಸ್ರೋನನ್ನೇ ಪಟ್ಟಕ್ಕೆ ತರಲು ನೋಡಿತು. ಸೋದರಮಾವ ರಾಜಾ ಮಾನ್‌ಸಿಂಗ್, ಹೆಣ್ಣು ಕೊಟ್ಟ ಮಾವ ಅಜೀಜ್ ಕೋಕಾ ಇಬ್ಬರೂ ಅವನ ಕಡೆ. ಆಗಲಿಲ್ಲ. ಜಹಾಂಗೀರ್ ಪಟ್ಟವೇರಿದ ಮರುವರ್ಷ, 1606ರಲ್ಲಿ, ಅಜ್ಜನ ಗೋರಿಗೆ ಹೋಗಿ ಬರುತ್ತೇನೆಂದು ಆಗ್ರಾದಿಂದ ಹೊರಟವನು ದಂಗೆ ಎದ್ದು ಲಾಹೋರಿನವರೆಗೆ ಹೋದ, ಚೀನಾಬ್ ನದಿ ದಾಟುವಲ್ಲಿ ಸಿಕ್ಕಿಬಿದ್ದ. ಅವನ ಕಡೆಯವರನ್ನು ದಾರಿಯ ಎರಡೂ ಬದಿ ಶೂಲಕ್ಕೇರಿಸಿ, ಆ ನಡುವೆ ಅವನನ್ನು ಆನೆಯ ಮೇಲೆ ಕರೆದೊಯ್ದರು. ಅವನಿಗೆ ನೆರವಾದ ಆರೋಪದ ಮೇಲೆಯೇ ಸಿಖ್ಖರ ಗುರು ಅರ್ಜನ್ ದೇವರನ್ನು ಹಿಂಸಿಸಿ ಕೊಂದರು. ಮರುವರ್ಷ ಇನ್ನೊಂದು ಪಿತೂರಿ ಹೊರಬಿದ್ದಾಗ ಖುಸ್ರೋನನ್ನು ಕುರುಡನನ್ನಾಗಿಸುವ ಆಜ್ಞೆಯಾಯಿತು. ದೃಷ್ಟಿ ಪೂರ್ತಿ ಹೋಗಲಿಲ್ಲ. ಅಂದಿನಿಂದ ಸಾಯುವವರೆಗೆ ಅವನು ಬಹುತೇಕ ಕಾವಲಿನಲ್ಲೇ ಇದ್ದ.

ಮೊದಲು ಕಾವಲಿಗೆ ಇದ್ದವನು ಅನಿರಾಯ್ ಸಿಂಗ್‌ದಳನ್ ಎಂಬ ರಜಪೂತ ಸರದಾರ. ಈ ಮನುಷ್ಯನ ಬಗ್ಗೆ ನನಗೆ ಅಪಾರ ಗೌರವ. 1616ರ ಅಕ್ಟೋಬರಿನಲ್ಲಿ ನಡೆದದ್ದನ್ನು ಆಗ ಅಜ್ಮೀರಿನಲ್ಲಿದ್ದ ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಜಹಾಂಗೀರನ ರಾಣಿ ನೂರ್ ಜಹಾನ್, ಅವಳ ಅಣ್ಣ ಆಸಫ್ ಖಾನ್, ಆಸಫ್ ಖಾನನ ಅಳಿಯ ಖುರ್ರಮ್ ಸೇರಿ, ಬಾದಶಹ ಕುಡಿದ ಮತ್ತಿನಲ್ಲಿದ್ದಾಗ ಖುಸ್ರೋನನ್ನು ತಮ್ಮ ವಶಕ್ಕೆ ಕೊಡಲು ಒಪ್ಪಿಸಿಕೊಂಡರು. ರಾತ್ರೋರಾತ್ರಿ ಆಳುಗಳು ಬಂದು ಕೈದಿಯನ್ನು ಕೇಳಿದರು. ಅನಿರಾಯ್ ಕೊಡಲಿಲ್ಲ. ನನಗೆ ಒಪ್ಪಿಸಿದವನು ಬಾದಶಹ, ಅವನ ಬಾಯಿಂದಲೇ ಕೇಳದೆ ಯಾರ ಕೈಗೂ ಕೊಡಲಾರೆ ಎಂದ. ಬೆಳಿಗ್ಗೆ ಎಚ್ಚರಗೊಂಡ ಜಹಾಂಗೀರ್ ಅವನನ್ನು ಮೆಚ್ಚಿಕೊಂಡ. ಆದರೂ ಕೆಲವೇ ದಿನಗಳಲ್ಲಿ ಖುಸ್ರೋ ಆಸಫ್ ಖಾನನ ಕೈಗೆ ಹೋದ. ಅಂತಃಪುರದ ಹೆಂಗಸರು ಊಟ ಬಿಟ್ಟು ಅತ್ತರೆಂದು ರೋ ಬರೆಯುತ್ತಾನೆ. ಅಲ್ಲಿಗೆ ಬರಲಿರುವುದು ಏನೆಂಬುದು ಅವರೆಲ್ಲರಿಗೂ ಗೊತ್ತಿತ್ತು.

ಮೂರನೆಯ ಕೈ ಖುರ್ರಮನದು. ದಖನ್ನಿನಲ್ಲಿ ಯುದ್ಧಕ್ಕೆ ಹೋಗಲು ಜಹಾಂಗೀರ್ ಹೇಳಿದಾಗ, ಖುಸ್ರೋನನ್ನು ಜೊತೆಗೆ ಕೊಟ್ಟರೆ ಮಾತ್ರ ಹೋಗುತ್ತೇನೆ ಎಂದು ಅವನು ಪಟ್ಟು ಹಿಡಿದ. ಬಾದಶಹನ ಆರೋಗ್ಯ ಆಗ ಕೆಟ್ಟಿತ್ತು. ನೂರ್ ಜಹಾನ್ ಮೊದಲ ಗಂಡನಿಂದಾದ ತನ್ನ ಮಗಳು ಲಾಡ್ಲಿ ಬೇಗಮಳನ್ನು ಕಿರಿಯ ರಾಜಕುಮಾರ ಶಹರ್ಯಾರನಿಗೆ ಕೊಟ್ಟು, ಅವನನ್ನು ಮುಂದೆ ತರುತ್ತಿದ್ದಳು. ತಂದೆ ಹಠಾತ್ತನೆ ಸತ್ತರೆ ತಾನು ದೂರದ ದಖನ್ನಿನಲ್ಲಿ, ಜನರ ಪ್ರೀತಿ ಗಳಿಸಿದ ಅಣ್ಣ ರಾಜಧಾನಿಯಲ್ಲಿ. ಉದ್ದೇಶ ಏನಿತ್ತು ಎಂದು ಹುಡುಕಲು ಹೆಚ್ಚು ದೂರ ಹೋಗಬೇಕಿಲ್ಲ.

ಇನ್ನು ಸಾಕ್ಷಿಗಳು. ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಬರೆದದ್ದು ಇಷ್ಟೇ: ಖುರ್ರಮನಿಂದ ಕಾಗದ ಬಂತು, ಖುಸ್ರೋ ಹೊಟ್ಟೆಶೂಲೆಯಿಂದ ತೀರಿಕೊಂಡನಂತೆ. ಹೆತ್ತ ಮಗನ ಸಾವಿಗೆ ಆ ಪುಸ್ತಕದಲ್ಲಿ ಸಿಕ್ಕ ಜಾಗ ಅದು. ತನಗೆ ಇಷ್ಟವಾದ ಹಕ್ಕಿಗಳ ಬಗ್ಗೆ, ಮಾವಿನ ಹಣ್ಣಿನ ರುಚಿಯ ಬಗ್ಗೆ ಪುಟ ತುಂಬಿಸಿದ ಮನುಷ್ಯ ಇಲ್ಲಿ ಒಂದು ವಾಕ್ಯ ಬರೆದು ಮುಂದೆ ಹೋಗುತ್ತಾನೆ. ಓದಿದಾಗೆಲ್ಲ ನನ್ನ ಮನಸ್ಸಿಗೆ ಕಷ್ಟವಾಗುತ್ತದೆ.

ಇನ್ನೊಂದು ಹೇಳಿಕೆ ಡಚ್ಚರದ್ದು. ಆ ವರ್ಷಗಳಲ್ಲಿ ಆಗ್ರಾದಲ್ಲಿ ವ್ಯಾಪಾರಕ್ಕಿದ್ದ ಡಚ್ಚರು ಕಲೆಹಾಕಿದ ವೃತ್ತಾಂತ 1631ರಲ್ಲಿ ಯುರೋಪಿನಲ್ಲಿ ಅಚ್ಚಾಯಿತು. ಅದರ ಪ್ರಕಾರ ಖುರ್ರಮ್ ಬೇಟೆಯ ನೆಪದಲ್ಲಿ ಊರ ಹೊರಗೆ ಹೋಗಿದ್ದ. ನಡುರಾತ್ರಿ ರಜಾ ಬಹಾದ್ದೂರ್ ಎಂಬ ಅವನ ಆಳು ಬಂದು ಖುಸ್ರೋನ ಬಾಗಿಲು ತಟ್ಟಿದ. ಬಾದಶಹನಿಂದ ಉಡುಗೊರೆ ಬಂದಿದೆ, ಬಿಡುಗಡೆಯಾಗಿದೆ ಎಂದ. ಒಳಗಿದ್ದವನು ನಂಬಲಿಲ್ಲ, ತೆಗೆಯಲಿಲ್ಲ. ಅವರು ಬಾಗಿಲನ್ನು ಕೀಲಿನಿಂದ ಎಬ್ಬಿಸಿ ಒಳನುಗ್ಗಿ ಕತ್ತು ಬಿಗಿದು ಕೊಂದರು. ಆಮೇಲೆ ಬಾಗಿಲನ್ನು ಇದ್ದ ಹಾಗೆಯೇ ಕೂಡಿಸಿಟ್ಟು ಹೋದರು. ಬೆಳಿಗ್ಗೆ ಮೊದಲು ಕಂಡವಳು ಹೆಂಡತಿ. ಅವಳ ಕೂಗಿಗೆ ಊರು ಸೇರಿತು. ಖುರ್ರಮ್ ಬಂದವನೇ ಇದು ಸಹಜ ಸಾವೆಂದು ತನ್ನ ಸರದಾರರ ಸಹಿ ಹಾಕಿಸಿ ತಂದೆಗೆ ಮಹಜರು ಕಳಿಸಿದ.

ಈ ಹೇಳಿಕೆಯನ್ನು ನಾನು ಪೂರ್ತಿ ಸ್ವೀಕರಿಸುವುದಿಲ್ಲ. ಹೇಳಿದವರು ಕಣ್ಣಾರೆ ಕಂಡವರಲ್ಲ. ಬಾಗಿಲಾಚೆ ನಿಂತು ರಜಾ ಏನೆಂದ ಎಂಬುದು ಆಗ್ರಾದ ವ್ಯಾಪಾರಿಗೆ ಗೊತ್ತಾಗಬೇಕಾದರೆ ಹತ್ತು ಬಾಯಿ ದಾಟಿ ಬಂದಿರಬೇಕು. ಆದರೆ ಆ ರಜಾ ಬಹಾದ್ದೂರ್ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ. 1628ರ ಜನವರಿಯಲ್ಲಿ, ಪಟ್ಟವೇರಲು ಆಗ್ರಾಕ್ಕೆ ಬರುತ್ತಿದ್ದ ಶಹಜಹಾನ್ ಲಾಹೋರಿನಲ್ಲಿದ್ದ ಆಸಫ್ ಖಾನನಿಗೆ ಒಂದು ಫರ್ಮಾನು ಕಳಿಸಿದ. ಶಹರ್ಯಾರ್, ಖುಸ್ರೋನ ಮಗ ದಾವರ್ ಬಕ್ಷ್ ಸೇರಿ ಐವರು ರಾಜಕುಮಾರರನ್ನು ಮುಗಿಸಬೇಕೆಂಬ ಆಜ್ಞೆ ಅದರಲ್ಲಿತ್ತು. ಅದನ್ನು ಹೊತ್ತು ಹೋದವನು ಇದೇ ರಜಾ ಬಹಾದ್ದೂರ್. ಐವರೂ ಸತ್ತರು. ಅಪ್ಪನ ಸಾವಿನಲ್ಲಿ ಯಾರ ಹೆಸರು ಕೇಳಿಬಂದಿತ್ತೋ ಅವನೇ ಮಗನ ಸಾವಿನ ಆಜ್ಞೆಯನ್ನೂ ಒಯ್ದ.

ನನ್ನ ಮಟ್ಟಿಗೆ ಗಟ್ಟಿ ಸಾಕ್ಷಿ ಮನೆಯೊಳಗಿಂದಲೇ ಬಂದದ್ದು. ಶಹಜಹಾನನ ಚರಿತ್ರೆ ಬರೆದ ಮುಹಮ್ಮದ್ ಸಾಲಿಹ್ ಕಂಬೂ ಅವನನ್ನು ಹೊಗಳಲಿಕ್ಕೇ ಬರೆದವನು. ಖುಸ್ರೋನ ಪ್ರಸಂಗ ಬಂದಾಗ ಅವನು ಹೊಟ್ಟೆಶೂಲೆಯ ಮಾತನ್ನು ಹಿಡಿಯುವುದಿಲ್ಲ. ರಾಜ್ಯದ ಹಿತಕ್ಕಾಗಿ ಅರಸರು ಒಡಹುಟ್ಟಿದವರನ್ನು ಇಲ್ಲವಾಗಿಸುವುದು ಸರಿಯೇ ಎಂದು ಸಮರ್ಥನೆಗೆ ಇಳಿಯುತ್ತಾನೆ. ಕಾಯಿಲೆಯಿಂದ ಸತ್ತವನಿಗೆ ಸಮರ್ಥನೆ ಏಕೆ ಬೇಕು? ಇನ್ನೊಬ್ಬ ಸಾಕ್ಷಿ ಔರಂಗಜೇಬ್. ಆಗ್ರಾ ಕೋಟೆಯಲ್ಲಿ ಸೆರೆಯಿದ್ದ ತಂದೆ ತನ್ನನ್ನು ದೂರಿದಾಗ, ನಿಮಗೆ ಯಾವ ಕೇಡೂ ಮಾಡದ ಖುಸ್ರೋ ಮತ್ತು ಪರ್ವೇಜರನ್ನು ನೀವು ಪಟ್ಟಕ್ಕೆ ಬರುವ ಮೊದಲೇ ಇಲ್ಲವಾಗಿಸಲಿಲ್ಲವೇ ಎಂಬರ್ಥದ ಕಾಗದ ಬರೆದ. ಅವನು ಹಗೆಯಾಗಿದ್ದವನು ನಿಜ, ಆದರೆ ಮನೆಯ ಮಾತು ಬಲ್ಲ ಮಗ. (ಜಹಾಂಗೀರನ ಇನ್ನೊಬ್ಬ ಮಗ ಪರ್ವೇಜ್ 1626ರಲ್ಲಿ ಅದೇ ಬುರ್ಹಾನ್‌ಪುರದಲ್ಲಿ ಸತ್ತ. ಅವನ ವಿಪರೀತ ಕುಡಿತ ಎಲ್ಲರಿಗೂ ಗೊತ್ತಿದ್ದದ್ದು. ಆ ಸಾವನ್ನು ಶಹಜಹಾನನ ತಲೆಗೆ ಕಟ್ಟಲು ನಾನು ಒಪ್ಪುವುದಿಲ್ಲ.)

ನಮ್ಮ ಸಾಕ್ಷ್ಯ ಕಾಯ್ದೆಯಲ್ಲಿ 106ನೆಯ ಕಲಮು ಇತ್ತು, ಹೊಸ ಅಧಿನಿಯಮದಲ್ಲಿ ಅದು 109. ಒಬ್ಬನಿಗೆ ಮಾತ್ರ ವಿಶೇಷವಾಗಿ ಗೊತ್ತಿರುವ ಸಂಗತಿಯನ್ನು ಅವನೇ ರುಜುವಾತು ಮಾಡಬೇಕು ಎಂಬುದು ಅದರ ಸಾರ. ಕಾವಲಿನಲ್ಲಿದ್ದವನ ಸಾವಿಗೆ ಕಾವಲಿಟ್ಟವನು ಉತ್ತರ ಕೊಡಬೇಕು. ಖುರ್ರಮ್ ಕೊಟ್ಟ ಉತ್ತರ ಅವನ ಸ್ವಂತ ಚರಿತ್ರಕಾರನ ಕೈಯಲ್ಲೇ ಉಳಿಯಲಿಲ್ಲ. ಆ ರಾತ್ರಿಯ ವಿವರಗಳಲ್ಲಿ ಸಂಶಯದ ಲಾಭ ಕೊಡುತ್ತೇನೆ. ಆಜ್ಞೆ ಯಾರದೆಂಬುದರಲ್ಲಿ ಕೊಡುವುದಿಲ್ಲ. ಮೊಮ್ಮಗಳು ಹೇಳಿದ್ದು ಸರಿ.

ನೀವು ಹೊನ್ನಾವರದವರು ಎಂಬ ಕಾರಣಕ್ಕೆ ಇನ್ನೊಂದು ಮಾತು. ಈ ಸಾವಿನ ಸುದ್ದಿಯನ್ನು ಬರೆದಿಟ್ಟವರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಒಬ್ಬ. 1623ರ ಫೆಬ್ರವರಿಯಲ್ಲಿ ಸೂರತ್ತಿಗೆ ಬಂದಿಳಿದಾಗ ಖುಸ್ರೋ ಸತ್ತು ವರ್ಷವಾಗಿತ್ತಷ್ಟೇ, ಖುರ್ರಮ್ ತಂದೆಯ ಮೇಲೇ ಬಂಡೆದ್ದಿದ್ದ. ಲಾಡ್ಲಿಯನ್ನು ಮದುವೆಯಾದರೆ ಬಿಡುಗಡೆ ಎಂದರೂ ಖುಸ್ರೋ ಹೆಂಡತಿಯ ಮೇಲಿನ ಪ್ರೀತಿಯಿಂದ ಒಪ್ಪಲಿಲ್ಲ, ಒಪ್ಪಿಕೋ ಎಂದು ಆ ಹೆಂಡತಿಯೇ ಕೇಳಿಕೊಂಡರೂ ಒಪ್ಪಲಿಲ್ಲ ಎಂದು ಬರೆದವನು ಇವನೇ. ಅದೇ ವರ್ಷ ಅಕ್ಟೋಬರಿನಲ್ಲಿ ಇವನು ಪೋರ್ಚುಗೀಸ್ ರಾಯಭಾರಿಯ ಜೊತೆ ಗೋವೆಯಿಂದ ಹೊರಟು ನಿಮ್ಮ ಹೊನ್ನಾವರದಲ್ಲಿ ಇಳಿದ. ಶರಾವತಿಯಲ್ಲಿ ದೋಣಿ ಹತ್ತಿ ಗೇರುಸೊಪ್ಪೆಗೆ ಹೋದ, ಅಲ್ಲಿಂದ ಘಟ್ಟ ಹತ್ತಿ ವೆಂಕಟಪ್ಪ ನಾಯಕನ ಇಕ್ಕೇರಿಗೆ. ಆ ಹೊಳೆಯ ಚೆಲುವನ್ನು ಹೊಗಳಿದ್ದಾನೆ. ದಾರಿಯ ದೇವಸ್ಥಾನದ ಜಗಲಿಯಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಅಂಕಿ ಬರೆದು, ರಾಗವಾಗಿ ಹಾಡುತ್ತ ಲೆಕ್ಕ ಕಲಿಯುವುದನ್ನು ನಿಂತು ನೋಡಿ ಬರೆದಿದ್ದಾನೆ. ಮೇಷ್ಟರಿಲ್ಲದೆ ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತಿದ್ದರಂತೆ. ಕಲಿಸಿದವರಾದ ನಿಮಗೆ ಇದು ಹಿಡಿಸೀತು. ಮೊಗಲರ ಅರಮನೆಯ ಸಾವನ್ನೂ ನಮ್ಮ ಘಟ್ಟದ ಮಕ್ಕಳ ಲೆಕ್ಕವನ್ನೂ ಒಂದೇ ಲೇಖನಿ ಒಂದೇ ವರ್ಷದಲ್ಲಿ ಬರೆಯಿತು.

ಪ್ರಶ್ನೆ: ಮೊಗಲ್ ದರ್ಬಾರಿನಲ್ಲಿ ನಡೆಯುವ ಕೊಲೆಯ ಬಗ್ಗೆ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ಬಾದಶಹನ ಊಟದಲ್ಲಿ ವಿಷ ಬೆರೆಸುತ್ತಾರೆ, ಹಕೀಮನೊಬ್ಬ ಪತ್ತೆ ಮಾಡುತ್ತಾನೆ. ತಪ್ಪಾಗದಂತೆ ಏನೇನು ಗಮನಿಸಬೇಕು? ನಮ್ಮ ಕಡೆಯವನೊಬ್ಬನನ್ನು ಕಥೆಯಲ್ಲಿ ತರಬಹುದೇ?
— ಪದವಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ತಂಗೀ, ಬರಿ. ಖಂಡಿತ ಬರಿ. ಆದರೆ ಊಟದಲ್ಲಿ ವಿಷ ಎಂದು ನೀನು ಹಗುರವಾಗಿ ಬರೆದುಬಿಟ್ಟಿದ್ದೀಯ, ಅಲ್ಲೇ ನಿನ್ನ ಕೊಲೆಗಾರನಿಗೆ ದೊಡ್ಡ ಕಷ್ಟವಿದೆ. ಅಬುಲ್ ಫಜಲನ ಐನ್-ಇ-ಅಕ್ಬರಿಯಲ್ಲಿ ಅಡುಗೆಮನೆಯ ಕ್ರಮ ಪೂರ್ತಿ ಇದೆ. ಮೊದಲು ಅಡುಗೆಯವರು ಮತ್ತು ಬಕಾವಲರು, ಅಂದರೆ ಅಡುಗೆಮನೆಯ ಮೇಲ್ವಿಚಾರಕರು, ರುಚಿ ನೋಡಬೇಕು, ಆಮೇಲೆ ಅವರ ಮೇಲಧಿಕಾರಿ ಮೀರ್ ಬಕಾವಲ್. ಚಿನ್ನ ಬೆಳ್ಳಿಯ ಪಾತ್ರೆಗಳನ್ನು ಕೆಂಪು ಬಟ್ಟೆಯಲ್ಲಿ, ತಾಮ್ರ ಮತ್ತು ಪಿಂಗಾಣಿಯವನ್ನು ಬಿಳಿ ಬಟ್ಟೆಯಲ್ಲಿ ಕಟ್ಟಬೇಕು. ಮೀರ್ ಬಕಾವಲನ ಮೊಹರು ಬೀಳಬೇಕು, ಯಾವ ಪಾತ್ರೆಯಲ್ಲಿ ಏನಿದೆ ಎಂದು ಪಟ್ಟಿ ಬರೆದು ಜೊತೆಗೆ ಕಳಿಸಬೇಕು. ಮೆರವಣಿಗೆಯ ಹಿಂದೆ ಮುಂದೆ ಕೋಲು ಹಿಡಿದವರು. ಬಾದಶಹನ ಮುಂದೆ ಮತ್ತೊಮ್ಮೆ ರುಚಿ. ಕುಡಿಯುವ ಗಂಗಾಜಲವೂ ಮೊಹರು ಹಾಕಿದ ಗಡಿಗೆಗಳಲ್ಲೇ ಬರುತ್ತಿತ್ತು. ಈಗ ಹೇಳು, ನಿನ್ನ ವಿಷ ಎಲ್ಲಿ ಸೇರಿತು? ಅದಕ್ಕೆ ಉತ್ತರ ಸಿಕ್ಕರೆ ನಿನ್ನ ಕಥೆ ಸಿಕ್ಕಿತು. ಮೊಹರು ಮುರಿಯದೆ ಬಟ್ಟೆ ಬದಲಾಗಿದ್ದರೆ? ಪಟ್ಟಿಯಲ್ಲಿ ಒಂದು ಪಾತ್ರೆ ಹೆಚ್ಚಿದ್ದರೆ? ಹಕೀಮನ ಕೈಗೆ ಮೊದಲು ಆ ಪಟ್ಟಿಯನ್ನೇ ಕೊಡು.

ಎರಡನೆಯದು ಬರವಣಿಗೆಯವರು. ಅಕ್ಬರ್ ಹದಿನಾಲ್ಕು ಜನ ವಾಕಿಯಾ ನವೀಸರನ್ನು ಇಟ್ಟಿದ್ದ, ದಿನಕ್ಕೆ ಇಬ್ಬರ ಪಾಳಿ. ಬಾದಶಹ ಏನಂದ, ಏನು ತಿಂದ, ಯಾವಾಗ ಮಲಗಿದ, ಯಾರು ಕಾಣಿಕೆ ತಂದರು, ಎಲ್ಲ ದಾಖಲು. ಇಂಥ ಕಡೆ ಕೊಲೆ ನಡೆದರೆ ಕೊಲೆಗಾರ ಈ ಇಬ್ಬರನ್ನು ದಾಟಬೇಕು, ಇಲ್ಲವೇ ಇವರಲ್ಲೊಬ್ಬ ಆಗಿರಬೇಕು. ಗುಮಾಸ್ತಿಕೆ ಮಾಡಿದವನಾಗಿ ಹೇಳುತ್ತೇನೆ, ತಿದ್ದಿದ ಸಾಲಿಗಿಂತ ಬರೆಯದೆ ಬಿಟ್ಟ ಸಾಲು ಹುಡುಕುವುದು ಕಷ್ಟ. ನಿನ್ನ ಹಕೀಮ ಅದನ್ನು ಹುಡುಕಲಿ.

ಅಂತಃಪುರಕ್ಕೆ ಯಾರನ್ನೂ ಸುಮ್ಮನೆ ನುಗ್ಗಿಸಬೇಡ. ಒಳಗೆ ಶಸ್ತ್ರ ಹಿಡಿದ ಹೆಂಗಸರ ಕಾವಲು, ಆವರಣದ ಹೊರಗೆ ಖೋಜಾಗಳು, ಅವರಾಚೆ ರಜಪೂತರು, ಅದರಾಚೆ ದ್ವಾರಪಾಲಕರು. ಹಾಗೆಯೇ "ರಾತ್ರಿ ಹತ್ತೂವರೆಗೆ" ಎಂದು ಬರೆಯಬೇಡ. ದಿನಕ್ಕೆ ಅರವತ್ತು ಗಳಿಗೆ, ಗಳಿಗೆಗೆ ಇಪ್ಪತ್ನಾಲ್ಕು ನಿಮಿಷ. ತಳದಲ್ಲಿ ತೂತಿರುವ ಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟು, ಅದು ತುಂಬಿ ಮುಳುಗಿದಾಗ ಜಾಗಟೆ ಹೊಡೆಯುತ್ತಿದ್ದರು. ಆ ಹೊತ್ತಿನಲ್ಲಿ ನಾನು ಅಲ್ಲಿರಲಿಲ್ಲ ಎಂದು ಯಾರಾದರೂ ಹೇಳಬೇಕಾದರೆ ಜಾಗಟೆಯ ಲೆಕ್ಕದಲ್ಲೇ ಹೇಳಬೇಕು. ಜಾಗಟೆಯವನನ್ನೂ ಸಾಕ್ಷಿಯಾಗಿ ಕರೆಸಬಹುದು.

ಅಡುಗೆಗೆ ಟೊಮೆಟೊ ಹಾಕಬೇಡ, ಚಹಾ ಕುಡಿಸಬೇಡ. ಹುಕ್ಕಾ ಬೇಕಿದ್ದರೆ ಕಥೆ 1604ರ ನಂತರ ನಡೆಯಲಿ. ಅಸದ್ ಬೇಗ್ ಎಂಬ ಅಧಿಕಾರಿ ಬಿಜಾಪುರಕ್ಕೆ ಹೋಗಿ ಬರುವಾಗ ಹೊಗೆಸೊಪ್ಪು ತಂದು ಅಕ್ಬರನ ಮುಂದಿಟ್ಟದ್ದು ಆ ಹೊತ್ತಿಗೆ. ಹಕೀಮರು ಬೇಡವೆಂದು ವಾದಿಸಿದರು, ಅಕ್ಬರ್ ಒಂದೆರಡು ದಮ್ಮು ಎಳೆದೇ ನೋಡಿದ. ಆ ಪ್ರಸಂಗ ನಿನ್ನ ಹಕೀಮನಿಗೆ ಹೇಳಿಮಾಡಿಸಿದಂತಿದೆ. ಶಿಕ್ಷೆಯ ವಿಷಯದಲ್ಲೂ ಒಂದು ಎಚ್ಚರಿಕೆ: ಖಾಜಿಯ ಮುಂದೆ ಕೊಲೆ ಮೊಕದ್ದಮೆಯಲ್ಲಿ ಸತ್ತವನ ವಾರಸುದಾರರ ಮಾತಿಗೆ ತೂಕ. ಅವರು ಪ್ರಾಣಕ್ಕೆ ಪ್ರಾಣ ಕೇಳಬಹುದು, ಪರಿಹಾರದ ಹಣ ಪಡೆಯಬಹುದು, ಕ್ಷಮಿಸಲೂಬಹುದು. ಕೊಲೆ ಮಾಡಿಸಿದವನೇ ವಾರಸುದಾರನಾದರೆ ಏನಾಗುತ್ತದೆ ಎಂದು ಯೋಚಿಸಿ ನೋಡು.

ನಮ್ಮ ಕಡೆಯವನನ್ನು ಧಾರಾಳವಾಗಿ ತಾ. ಅಡುಗೆಯವನಾಗಿ ಬೇಡ, ಅದು ಒತ್ತಾಯ ಅನ್ನಿಸುತ್ತದೆ. ಕಾಳುಮೆಣಸಿನ ವ್ಯಾಪಾರಿಯಾಗಿ ತಾ. ಸೋಂದೆ, ಬಿಳಗಿ, ಗೇರುಸೊಪ್ಪೆ ಸೀಮೆಯ ಮೆಣಸು ಘಟ್ಟ ಇಳಿದು ಮಿರ್ಜಾನ, ಹೊನ್ನಾವರ, ಭಟ್ಕಳದಿಂದ ಹಡಗು ಹತ್ತುತ್ತಿತ್ತು. ಐನ್‌ನ ಅಡುಗೆ ಪಟ್ಟಿಗಳಲ್ಲಿ ಕಾಳುಮೆಣಸು ಮತ್ತೆ ಮತ್ತೆ ಬರುತ್ತದೆ. ಸೋಂದೆಯ ಅರಸಪ್ಪ ನಾಯಕನೂ ಅಕ್ಬರನೂ ಒಂದೇ ಕಾಲದವರು. ಮೂಗಿನಿಂದಲೇ ಹಳೆ ಮೆಣಸು, ಹೊಸ ಮೆಣಸು ಹೇಳಬಲ್ಲ ಸೋಂದೆಯ ವ್ಯಾಪಾರಿಯೊಬ್ಬ ಆಗ್ರಾದ ಉಗ್ರಾಣದಲ್ಲಿ ಒಂದು ಚೀಲ ಮೂಸಿ "ಇದು ನಾನು ಕೊಟ್ಟ ಮಾಲಲ್ಲ" ಎಂದರೆ ಸಾಕು, ಹಕೀಮನಿಗೆ ದಾರಿ ಸಿಕ್ಕಿತು. ಬರೆದಾದ ಮೇಲೆ ಮೊದಲ ಅಧ್ಯಾಯ ಕಳಿಸು, ಓದುವ ಆಸೆಯಿದೆ.

ಪ್ರಶ್ನೆ: ಹುಮಾಯೂನ್ ಮೆಟ್ಟಿಲಿನಿಂದ ಬಿದ್ದು ಸತ್ತದ್ದು ಅಪಘಾತವೋ, ಯಾರಾದರೂ ದೂಡಿದ್ದೋ?
— ಓದುಗ, ಬೈತಖೋಲ, ಕಾರವಾರ

ಉತ್ತರ: ಅಪಘಾತ. 1556ರ ಜನವರಿ, ದಿಲ್ಲಿಯ ಶೇರ್ ಮಂಡಲ್. ಸಂಜೆ ಇಳಿಯುವಾಗ ಬಾಂಗ್ ಕೇಳಿ ಮೆಟ್ಟಿಲ ಮೇಲೆ ಮೊಣಕಾಲೂರಲು ಹೋದ, ಕಾಲು ನಿಲುವಂಗಿಗೆ ಸಿಕ್ಕಿತು. ಮೂರು ದಿನ ಬದುಕಿದ್ದ. ಜೊತೆಗೆ ಜನರಿದ್ದರು, ದೂಡಿದ ಸುಳಿವು ಎಲ್ಲೂ ಇಲ್ಲ. ಗುಟ್ಟು ಮಾಡಿದ್ದು ಸಾವಿನ ಸುದ್ದಿಯನ್ನು. ಅಕ್ಬರ್ ಪಂಜಾಬಿನಲ್ಲಿದ್ದ, ಹದಿಮೂರರ ಹುಡುಗ. ಸುದ್ದಿ ಅವನಿಗೆ ಮುಟ್ಟುವವರೆಗೆ ಮುಲ್ಲಾ ಬೇಕಸಿ ಎಂಬುವನಿಗೆ ಬಾದಶಹನ ಉಡುಪು ಹಾಕಿಸಿ ದೂರದಿಂದ ಜನರಿಗೆ ತೋರಿಸಿದರು. ಆಗ ದಿಲ್ಲಿಯಲ್ಲಿದ್ದ ತುರ್ಕಿ ನೌಕಾಧಿಪತಿ ಸಿದಿ ಅಲಿ ರೈಸ್ ಇದನ್ನು ಬರೆದಿದ್ದಾನೆ.

ಪ್ರಶ್ನೆ: ಹಿಂದೊಮ್ಮೆ ನೀವು ಖುಸ್ರೋ ಬಾಗ್ ಹೆಸರು ಹೇಳಿದ್ದಿರಿ. ಪ್ರಯಾಗಕ್ಕೆ ಹೊರಟಿದ್ದೇವೆ. ನೋಡಲು ಸಮಯ ಕೊಡುವಂಥದ್ದೇ?
— ದಂಪತಿ, ಕುಮಟಾ

ಉತ್ತರ: ಖಂಡಿತ ಕೊಡಿ. ಪ್ರಯಾಗರಾಜ್ ಜಂಕ್ಷನ್ನಿನ ಹತ್ತಿರವೇ ಇದೆ. ಮೊದಲ ಪ್ರಶ್ನೆಗೆ ಹೇಳಿದ ಖುಸ್ರೋ ಇಲ್ಲಿದ್ದಾನೆ. ಬುರ್ಹಾನ್‌ಪುರದಲ್ಲಿ ಹೂತ ಶವವನ್ನು ಜಹಾಂಗೀರನ ಆಜ್ಞೆಯಂತೆ ತೆಗೆಸಿ ಆಗ್ರಾಕ್ಕೂ ಅಲ್ಲಿಂದ ಇಲ್ಲಿಗೂ ತಂದರು. ತಾಯಿ ಶಾ ಬೇಗಮಳ ಗೋರಿ ಮೊದಲೇ ಇಲ್ಲಿತ್ತು. ಅಂಬೇರದ ರಜಪೂತ ರಾಜಕುಮಾರಿ ಅವಳು, ಗಂಡ ಮಗನ ಜಗಳ ನೋಡಲಾರದೆ ಅಫೀಮು ನುಂಗಿ ಸತ್ತವಳು. ಅವಳ ಗೋರಿಯ ಮೇಲಿನ ಬರಹ ಮೀರ್ ಅಬ್ದುಲ್ಲಾ ಮುಷ್ಕೀನ್ ಕಲಮ್ ಎಂಬ ಹೆಸರಾಂತ ಲಿಪಿಕಾರನದು, ನಿಧಾನವಾಗಿ ನೋಡಿ. ಖುಸ್ರೋನ ಅಕ್ಕ ನಿಸಾರ್ ಬೇಗಂ ತನಗೆಂದು ಕಟ್ಟಿಸಿಕೊಂಡ ಗೋರಿ ಖಾಲಿ ಇದೆ, ಒಳಗಿನ ಬಣ್ಣದ ಚಿತ್ತಾರ ಮೂರರಲ್ಲೂ ಚೆಲುವು. 1632ರಲ್ಲಿ ಈ ತೋಟ ನೋಡಿ ಬರೆದ ಇಂಗ್ಲಿಷ್ ವ್ಯಾಪಾರಿ ಪೀಟರ್ ಮುಂಡಿ ಐದು ವರ್ಷದ ನಂತರ ನಮ್ಮ ಭಟ್ಕಳದಲ್ಲಿ ಹಡಗಿಳಿದು, ವ್ಯಾಪಾರದ ಪರವಾನಗಿ ಕೇಳಲು ಇಕ್ಕೇರಿಗೆ ಹೋದ.

ಮುಂಬೈಯಿಂದ ಭುಸಾವಳ, ಜಬಲ್ಪುರದ ದಾರಿಯ ರೈಲು ಹಿಡಿದರೆ ನಡುವೆ ಬುರ್ಹಾನ್‌ಪುರವೇ ಸಿಗುತ್ತದೆ. ಒಂದು ದಿನ ಇಳಿದುಕೊಳ್ಳಿ. ತಾಪಿಯ ದಂಡೆಯ ಶಾಹಿ ಕಿಲ್ಲಾದಲ್ಲಿ ಹಮಾಮಿನ ಚಾವಣಿಯ ಚಿತ್ತಾರ ಇನ್ನೂ ಉಳಿದಿದೆ. ಮುಮ್ತಾಜ್ 1631ರಲ್ಲಿ ತೀರಿಕೊಂಡದ್ದೂ ಇದೇ ಊರಿನಲ್ಲಿ. ಕೋಟೆಗೆ ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನದ ಬಿಸಿಲು ಅಲ್ಲಿ ನಮ್ಮ ಕರಾವಳಿಯವರಿಗೆ ತಡೆಯುವುದಿಲ್ಲ.